ಮುಚ್ಚಿದ ಮಿಲ್ಲಿನೊಳಗೆ ಹುಡುಗರು ಹೋಗ್ತಾರೆ, ಯಾರಿಗೆ ಹೇಳೋಣ?

ಜಾಲಿಮುಳ್ಳು:
ನಮ್ಮ ಓಣಿ ಹಿಂದೆ ಒಂದು ಹತ್ತಿ ಮಿಲ್ಲಿದೆ. ದಾವಣಗೆರೆ ಜಿಲ್ಲೆ ಅಂದರೆ ಸಾಕು, ಹೆಸರು ಬೇಡ. ಮುಚ್ಚಿ ಇಪ್ಪತ್ತು ವರ್ಷದ ಮೇಲಾಯ್ತು. ಕಾಂಪೌಂಡ್ ಮೂರು ಕಡೆ ಬಿದ್ದಿದೆ. ನಾಲ್ಕನೇ ಕಡೆ ಗೇಟಿಗೆ ಮಾತ್ರ ತೆಂಗಿನಕಾಯಿ ಗಾತ್ರದ ಬೀಗ ಹಾಕಿದ್ದಾರೆ.

ಹುಡುಗರಿಗೆ ಅದೇ ಕ್ರಿಕೆಟ್ ಮೈದಾನ. ಹೋದ ಭಾನುವಾರ ಬಾಲ್ ಗೋಡೌನ್ ಮೇಲೆ ಹೋಯ್ತು. ಎಂಟನೇ ಕ್ಲಾಸ್ ಹುಡುಗನೊಬ್ಬ ತರೋಕೆ ಅಂತ ಹತ್ತಿದ. ಸಿಮೆಂಟ್ ಶೀಟ್ ಮುರಿದು ಒಳಗೆ ಬಿದ್ದ. ಪುಣ್ಯಕ್ಕೆ ಕೊಳೆತ ಗೋಣಿಚೀಲದ ರಾಶಿ ಮೇಲೆ ಬಿದ್ದಿದ್ದಕ್ಕೆ ಕೈ ಮುರಿದು ಉಳಿದುಕೊಂಡ. ಎತ್ತಿಕೊಂಡು ಬರೋಕೆ ಹೋದವರಲ್ಲಿ ನಾನೂ ಒಬ್ಬ. ಅವನು ಬಿದ್ದ ಜಾಗದಿಂದ ಎರಡು ಮಾರು ಆಚೆಗೆ ಒಂದು ಸಂಪ್ ಇದೆ. ಮುಚ್ಚಳ ಇಲ್ಲ. ಟಾರ್ಚ್ ಬಿಟ್ಟು ನೋಡಿದೆ. ಕಪ್ಪು ನೀರು, ಅದರ ಮೇಲೆ ಟೆನಿಸ್ ಬಾಲ್ ತೇಲುತ್ತಿವೆ. ಒಂದಲ್ಲ, ಏಳು ಎಣಿಸಿದೆ. ಅಂದರೆ ಏಳು ಸಲ ಯಾರೋ ಒಬ್ಬ ಹುಡುಗ ಆ ಅಂಚಿನವರೆಗೆ ಬಂದು ಬಗ್ಗಿ ನೋಡಿ ಹೋಗಿದ್ದಾನೆ. ಆವತ್ತಿಂದ ನನಗೆ ಸರಿಯಾಗಿ ನಿದ್ದೆ ಇಲ್ಲ.

ನಗರಸಭೆಯವರು ಖಾಸಗಿ ಜಾಗ ಅಂದರು. ಸ್ಟೇಷನ್‌ನಲ್ಲಿ ಮಾಲೀಕರಿಂದ ದೂರು ಬರಲಿ ಅಂದರು. ಮಾಲೀಕರು ಯಾರು ಅಂತಾನೇ ಗೊತ್ತಿಲ್ಲ, ಕಂಪನಿ ಲಿಕ್ವಿಡೇಷನ್‌ನಲ್ಲಿ (ಆಸ್ತಿ ಮಾರಿ ಸಾಲ ತೀರಿಸಿ ಕಂಪನಿ ಮುಚ್ಚೋ ಹಂತ) ಇದೆಯಂತೆ. ನಿಮ್ಮೂರಲ್ಲಿ ಯಾರಾದರೂ ಇಂಥದ್ದನ್ನ ಸರಿ ಮಾಡಿಸಿದ್ದೀರಾ?

ಖಾಲಿದೋಸೆ:
ಕಾಂಪೌಂಡ್ ಎತ್ತರ ಮಾಡಿಸಿ ಮೇಲೆ ಗಾಜಿನ ಚೂರು ನೆಡಿಸಿ. ಮುಗೀತು.

ತೂಕದಕಲ್ಲು:
@ಖಾಲಿದೋಸೆ ಮುಗಿಯಲ್ಲ ಗುರು. ನಮ್ಮದು ಗುಜರಿ ವ್ಯಾಪಾರ, ಅಪ್ಪನ ಕಾಲದಿಂದ. ಇಂಥ ಮಿಲ್‌ಗಳಿಗೆ ಯಾರು ಬರ್ತಾರೆ, ಯಾವ ಕಡೆಯಿಂದ ಬರ್ತಾರೆ ಅನ್ನೋದು ನನಗೆ ಗೊತ್ತು. ಗೋಡೆ ಎತ್ತರ ಮಾಡಿದಷ್ಟೂ ಕಳ್ಳನಿಗೆ ಒಳ್ಳೇದು, ರಸ್ತೆಯಿಂದ ಏನೂ ಕಾಣಲ್ಲ. ಒಳಗೆ ಬಿದ್ದವನು ಕೂಗಿದರೂ ಯಾರಿಗೂ ಕೇಳಲ್ಲ.

ಇನ್ನೊಂದು ವಿಷಯ. ಆ ಸಂಪ್‌ಗೆ ಮೊದಲು ಮುಚ್ಚಳ ಇದ್ದೇ ಇರುತ್ತೆ, ಕಬ್ಬಿಣದ್ದು. ಮಿಲ್ ಮುಚ್ಚಿದ ಮೇಲೆ ಮೊದಲು ಹೋಗೋದು ತಾಮ್ರದ ಕೇಬಲ್, ಆಮೇಲೆ ಮೋಟಾರ್, ಆಮೇಲೆ ಮುಚ್ಚಳ, ಗ್ರಿಲ್, ಮೆಟ್ಟಿಲಿನ ಪಕ್ಕದ ಹಿಡಿಕಂಬಿ. ಕಟ್ಟಡ ತಾನಾಗೇ ಅಪಾಯ ಆಗಲ್ಲ ಸಾರ್, ಕೆಜಿ ಲೆಕ್ಕದಲ್ಲಿ ಬಿಚ್ಚಿ ಬಿಚ್ಚಿ ಅಪಾಯ ಮಾಡ್ತಾರೆ. ಅದಕ್ಕೆ ಮತ್ತೆ ಕಬ್ಬಿಣದ ಮುಚ್ಚಳ ಹಾಕಿಸಬೇಡಿ, ಮುಂದಿನ ಅಮಾವಾಸ್ಯೆಗೆ ಇರಲ್ಲ. ಕಲ್ಲು ಚಪ್ಪಡಿ ಹಾಕಿ. ಕಲ್ಲನ್ನ ಯಾವ ಗುಜರಿಯವನೂ ಕೊಳ್ಳಲ್ಲ.

ಖಾಲಿದೋಸೆ:
ನೀವು ಕೊಂಡಿದ್ದೀರಾ ಅಣ್ಣಾ, ಮುಚ್ಚಳ? 😄

ತೂಕದಕಲ್ಲು:
ಅಪ್ಪ ಕೊಂಡಿರಬಹುದು. ನಾನು ಮುನಿಸಿಪಾಲಿಟಿ ಅಚ್ಚಿದ್ದರೆ ಮುಟ್ಟಲ್ಲ.

ಸ್ವರ್ಣಎಕ್ಸ್‌ಪ್ರೆಸ್:
ಕೆಜಿಎಫ್‌ನವನು ನಾನು, ಕೋಲಾರದ ಚಿನ್ನದ ಗಣಿ ಊರು. ಇಲ್ಲಿನದನ್ನ ಹೇಳಲೇಬೇಕು.

2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿದರು. ನೂರಾ ಇಪ್ಪತ್ತು ವರ್ಷ ನಡೆದಿದ್ದ ಗಣಿ. ಜಾನ್ ಟೇಲರ್ ಕಂಪನಿ 1880ರಲ್ಲಿ ಬಂದಾಗಿಂದ ತೋಡಿದ ಶಾಫ್ಟ್‌ಗಳು, ಅಂದರೆ ಗಣಿಗೆ ನೇರ ಇಳಿಯೋ ಬಾವಿಗಳು, ಊರ ತುಂಬಾ ಇವೆ. ದೊಡ್ಡ ಶಾಫ್ಟ್‌ಗಳ ಮೇಲಿನ ಕಬ್ಬಿಣದ ಗೋಪುರ (ಹೆಡ್‌ಗೇರ್) ದೂರದಿಂದಲೇ ಕಾಣುತ್ತೆ, ಅದರ ಭಯ ಇಲ್ಲ. ಭಯ ಇರೋದು ಹಳೇ ಕಾಲದ ಸಣ್ಣ ಬಾಯಿಗಳದ್ದು. ಸುತ್ತ ಲಂಟಾನ ಬೆಳೆದಿರುತ್ತೆ. ಮೇಕೆ ಹೋಯ್ತು ಅಂತ ಹಿಂದೆ ಹೋದರೆ ಕಾಲ ಕೆಳಗೆ ನೆಲವೇ ಇಲ್ಲ.

2020ರ ಮೇ ತಿಂಗಳಲ್ಲಿ, ಲಾಕ್‌ಡೌನ್ ಇತ್ತಲ್ಲ ಆಗ, ಮಾರಿಕುಪ್ಪಂ ಕಡೆ ಮುಚ್ಚಿದ ಗಣಿಯೊಳಗೆ ಕಳ್ಳತನಕ್ಕೆ ಅಂತ ಇಳಿದವರಲ್ಲಿ ಮೂವರು ಉಸಿರುಗಟ್ಟಿ ಸತ್ತರು. ಪೇಪರ್‌ನಲ್ಲಿ ಕಳ್ಳರು ಅಂತ ಬಂತು. ಕಾನೂನಿಗೆ ಕಳ್ಳರೇ ಇರಬಹುದು. ಆದರೆ ಕೆಲಸ ಇಲ್ಲದ ಊರಲ್ಲಿ ಬಂಗಾರದ ಗಣಿ ಬಾಯಿ ತೆರೆದುಕೊಂಡು ಕೂತಿದೆ ಅಂದರೆ ಯಾರಾದರೂ ಇಳಿದೇ ಇಳಿಯುತ್ತಾರೆ. ನಮ್ಮಪ್ಪ ಇಲ್ಲಿನ ಚಾಂಪಿಯನ್ ರೀಫ್ ಗಣಿಯಲ್ಲಿ ಇಪ್ಪತ್ತೆಂಟು ವರ್ಷ ಇಳಿದವರು. ಸುದ್ದಿ ಕೇಳಿ ಒಂದೇ ಮಾತು ಹೇಳಿದರು: "ಫ್ಯಾನ್ ನಿಲ್ಲಿಸಿದ ದಿನಾನೇ ಗಣಿ ಸತ್ತುಹೋಯ್ತು, ಹೆಣದ ಹೊಟ್ಟೆಯೊಳಗೆ ಯಾರಾದರೂ ಹೋಗ್ತಾರಾ?"

ಇವತ್ತಿಗೂ ಸೈನೈಡ್ ಗುಡ್ಡದ (ಬಂಗಾರ ತೆಗೆದ ಮೇಲೆ ಉಳಿದ ಮಣ್ಣಿನ ರಾಶಿ) ಮೇಲೆ ಫೋಟೋ ತೆಗೆಸಿಕೊಳ್ಳೋಕೆ ಬೆಂಗಳೂರಿಂದ ಬರ್ತಾರೆ. ಸಿನಿಮಾ ಬಂದ ಮೇಲಂತೂ ಜಾತ್ರೆ.

ರಾಕಿಅಭಿಮಾನಿ:
ವಿಶ್ವದ ಅತಿ ಆಳದ ಗಣಿ ನಮ್ಮದು! ಐದು ಕಿಲೋಮೀಟರ್!

ಸ್ವರ್ಣಎಕ್ಸ್‌ಪ್ರೆಸ್:
ಇಲ್ಲ ತಮ್ಮಾ. ಸುಮಾರು 3.2 ಕಿಲೋಮೀಟರ್. ದಕ್ಷಿಣ ಆಫ್ರಿಕಾದ ಎಂಪೊನೆಂಗ್ ನಾಲ್ಕು ಕಿಲೋಮೀಟರ್ ಹತ್ತಿರ ಇದೆ. ಮೂರು ಕಿಲೋಮೀಟರ್ ಬಿದ್ದರೂ ಐದು ಬಿದ್ದರೂ ಬೀಳೋನಿಗೆ ವ್ಯತ್ಯಾಸ ಏನಿದೆ ಹೇಳು.

ಕಡಲೆಹಿಟ್ಟು:
ಮುಚ್ಚುವಾಗ ಕಾನೂನು ಇರಲಿಲ್ವಾ? ಸುಮ್ನೆ ಬೀಗ ಹಾಕಿ ಹೋಗಿಬಿಟ್ಟರಾ?

ಗಟ್ಟಿಶಿಲೆ:
@ಕಡಲೆಹಿಟ್ಟು ಗಣಿಯಲ್ಲಿ ಸರ್ವೇಯರ್ ಆಗಿದ್ದವನು ನಾನು (ಕೆಜಿಎಫ್ ಅಲ್ಲ, ಕಬ್ಬಿಣದ ಅದಿರು). 1952ರ ಮೈನ್ಸ್ ಆಕ್ಟ್ ಇದೆ, ಅದರ ಕೆಳಗಿನ ನಿಯಮಗಳೂ ಇವೆ. ಬಿಟ್ಟುಹೋದ ಶಾಫ್ಟ್ ಬಾಯಿಗೆ ಬೇಲಿಯೋ ಮುಚ್ಚಳವೋ ಹಾಕೋದು ಗಣಿಯವರ ಜವಾಬ್ದಾರಿ. ಆದರೆ ಮುಚ್ಚುವ ಮೊದಲೇ ಇಡೀ ಜಾಗವನ್ನ ಹೇಗೆ ಸುರಕ್ಷಿತ ಮಾಡ್ತೀವಿ, ಅದಕ್ಕೆ ದುಡ್ಡು ಎಲ್ಲಿಂದ ಅಂತ ಬರೆದುಕೊಡಬೇಕಾದ ಮೈನ್ ಕ್ಲೋಷರ್ ಪ್ಲಾನ್ ಕಡ್ಡಾಯ ಆಗಿದ್ದು 2003ರಲ್ಲಿ. ಕೆಜಿಎಫ್ ಮುಚ್ಚಿ ಎರಡು ವರ್ಷ ಆದ ಮೇಲೆ.

ಗಣಿಗೆ ಈಗ ಅಷ್ಟಾದರೂ ಇದೆ. ಹತ್ತಿ ಮಿಲ್ಲು, ಸಕ್ಕರೆ ಫ್ಯಾಕ್ಟರಿ, ರೈಸ್ ಮಿಲ್‌ಗೆ ಹಾಗೆ ಮುಂಗಡವಾಗಿ ದುಡ್ಡು ಎತ್ತಿಡಿಸಿಕೊಳ್ಳುವ ನಿಯಮ ನಾನು ಕಂಡಿಲ್ಲ. ನಡೆಯುವಾಗ ಫ್ಯಾಕ್ಟರಿ ಇನ್‌ಸ್ಪೆಕ್ಟರ್ ಬರ್ತಾರೆ, ಮುಚ್ಚಿದ ಮೇಲೆ ಅದು ಫ್ಯಾಕ್ಟರಿಯೇ ಅಲ್ಲ.

ಜಾಲಿಮುಳ್ಳು:
ಇದೇ ನನ್ನ ಗೋಳು. ಹೆಲ್ಮೆಟ್ ಹಾಕಿದ ನೂರು ಜನ ಇದ್ದಾಗ ಇನ್‌ಸ್ಪೆಕ್ಷನ್. ಚಡ್ಡಿ ಹಾಕಿದ ಹುಡುಗರು ಬಂದಾಗ ಯಾರೂ ಇಲ್ಲ.

ಸೇಫ್ಟಿಶೂ:
ಫ್ಯಾಕ್ಟರಿಯಲ್ಲಿ ಸೇಫ್ಟಿ ಆಫೀಸರ್ ನಾನು. @ಜಾಲಿಮುಳ್ಳು, ದಯವಿಟ್ಟು ನೀವ್ಯಾರೂ ಆ ಸಂಪ್‌ಗೆ ಇಳಿಯಬೇಡಿ. ಬಾಲ್ ತೆಗೆಯೋಕೂ ಇಳಿಯಬೇಡಿ.

ನಾವು ಉಸಿರಾಡುವ ಗಾಳಿಯಲ್ಲಿ ಆಮ್ಲಜನಕ ಶೇ. 21 ಇರುತ್ತೆ. ಮುಚ್ಚಿದ ಗುಂಡಿಯಲ್ಲಿ ಎಲೆ, ಹತ್ತಿ, ಗೋಣಿ ಕೊಳೆತಾಗ ಅದು ಖರ್ಚಾಗುತ್ತಾ ಹೋಗುತ್ತೆ. ಕಬ್ಬಿಣದ ಟ್ಯಾಂಕ್ ಆದರೆ ತುಕ್ಕು ಹಿಡಿಯೋದೂ ಆಮ್ಲಜನಕ ತಿಂದೇ. ಶೇ. 16ಕ್ಕಿಂತ ಕೆಳಗೆ ಹೋದರೆ ತಲೆ ಓಡಲ್ಲ, ಶೇ. 10ರ ಕೆಳಗೆ ಪ್ರಜ್ಞೆ ಹೋಗುತ್ತೆ. ಉಸಿರು ಕಟ್ಟಿದ ಹಾಗೂ ಅನ್ನಿಸಲ್ಲ, ಅದೇ ಮೋಸ. ಏಣಿಯ ಮೂರನೇ ಮೆಟ್ಟಿಲಲ್ಲಿ ಕೈ ಸಡಿಲ ಆಗಿ ಬೀಳ್ತಾರೆ.

ಕೊಳೆತ ಮೊಟ್ಟೆ ವಾಸನೆ ಬರುತ್ತಾ ಅಂತ ಕೇಳ್ತಾರೆ. ಬಂದರೆ ಹೈಡ್ರೋಜನ್ ಸಲ್ಫೈಡ್ ಇದೆ ಅಂತ. ಬರ್ತಾ ಇದ್ದ ವಾಸನೆ ಒಮ್ಮೆಗೇ ನಿಂತರೆ ಇನ್ನೂ ಜಾಸ್ತಿ ಇದೆ ಅಂತ, ಯಾಕೆಂದರೆ ಅದು ಮೂಗನ್ನೇ ಸಾಯಿಸುತ್ತೆ. ಒಬ್ಬ ಬಿದ್ದ ಅಂತ ಇನ್ನೊಬ್ಬ ಇಳಿಯೋದು, ಅವನನ್ನ ಎತ್ತೋಕೆ ಮೂರನೆಯವನು. ಒಂದೇ ಗುಂಡಿಯಲ್ಲಿ ಅಣ್ಣ ತಮ್ಮ ಇಬ್ಬರೂ ಹೋದ ಸುದ್ದಿ ಎಷ್ಟು ಓದಿಲ್ಲ ನಾವು? ಯಾರಾದರೂ ಬಿದ್ದರೆ 112ಕ್ಕೆ ಫೋನ್ ಮಾಡಿ, ಮೇಲಿಂದ ಹಗ್ಗ ಬಿಡಿ, ಇಳಿಯಬೇಡಿ.

ಊರಗೌಡ:
ನಮ್ಮ ಕಡೆ ಬಾವಿಗೆ ಇಳಿಯೋ ಮುಂಚೆ ದೀಪ ಕಟ್ಟಿ ಬಿಡ್ತಿದ್ರು. ಆರಿದರೆ ಇಳೀತಿರಲಿಲ್ಲ. ಹಿರಿಯರಿಗೆ ಎಲ್ಲಾ ಗೊತ್ತಿತ್ತು.

ಸೇಫ್ಟಿಶೂ:
ಗೌಡ್ರೇ, ದೀಪ ಆಮ್ಲಜನಕ ಇದೆಯಾ ಅಂತ ಮಾತ್ರ ಹೇಳುತ್ತೆ. ವಿಷ ಗಾಳಿ ಇದ್ದರೂ ದೀಪ ಚೆನ್ನಾಗೇ ಉರಿಯಬಹುದು. ಮೀಥೇನ್ ಇದ್ದರೆ ದೀಪದ ಜೊತೆ ನೀವೂ ಉರಿಯಬಹುದು. ಬಾವಿ ಬೇರೆ, ಮಿಲ್ಲಿನ ಸಂಪ್ ಬೇರೆ.

ಊರಗೌಡ:
ಆಯ್ತು ಬಿಡಪ್ಪ.

ಕೊಡಿಯಾಲ್‌ದಾಯೆ:
ಮಾರಾಯ್ರೇ, ಆ ಶೀಟಿನ ವಿಷಯ ಯಾರೂ ಹೇಳಲಿಲ್ಲವಲ್ಲ. ಗುಂಡಿಗಿಂತ ಮೊದಲು ಮೋಸ ಮಾಡುವುದು ಮಾಡು, ಅಂದರೆ ಛಾವಣಿ. ನನ್ನ ಭಾವ ಶೀಟ್ ಹಾಕುವ ಕಂಟ್ರಾಕ್ಟರ್. ಅವರು ಹೇಳುವುದು, ಹಳೇ ಸಿಮೆಂಟ್ ಶೀಟ್ ಮೇಲೆ ಕಾಲಿಡಲೇಬಾರದು. ಅವರ ಜನ ಹತ್ತಿದರೂ ಹಲಗೆ ಹಾಸಿಕೊಂಡು, ಬೋಲ್ಟ್ ಸಾಲು ನೋಡಿಕೊಂಡು ಹತ್ತುತ್ತಾರೆ, ಕೆಳಗೆ ಆಧಾರದ ಪಟ್ಟಿ ಇರುವುದು ಅಲ್ಲೇ. ಬೆಳಕಿಗೆ ಅಂತ ನಡುವೆ ಹಾಕಿದ ಪ್ಲಾಸ್ಟಿಕ್ ಶೀಟ್ ಉಂಟಲ್ಲ, ವರ್ಷಗಟ್ಟಲೆ ಧೂಳು, ಪಾಚಿ ಕೂತು ಅದೂ ಬೂದು ಬಣ್ಣ ಆಗಿರುತ್ತದೆ. ಯಾವುದು ಯಾವುದೆಂದೇ ತಿಳಿಯುವುದಿಲ್ಲ.

ನಮ್ಮ ಕಡೆ ಹಂಚಿನ ಕಾರ್ಖಾನೆಗಳ ಕಥೆಯೂ ಇದೇ. ಬಾಸೆಲ್ ಮಿಷನ್‌ನವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಶುರು ಮಾಡಿದ ಮೇಲೆ ನೇತ್ರಾವತಿ ದಂಡೆ ಉದ್ದಕ್ಕೂ ಚಿಮಣಿಗಳೇ. ಈಗ ಹೆಚ್ಚಿನವು ಮುಚ್ಚಿವೆ. ಚಿಮಣಿ ನೋಡಲು ಚಂದ, ಆದರೆ ಬುಡದಲ್ಲಿ ಇಟ್ಟಿಗೆ ಕಿತ್ತುಕೊಂಡು ಹೋಗಿರುತ್ತಾರೆ. ಮಣ್ಣು ತೆಗೆದ ಹೊಂಡಗಳಲ್ಲಿ ಮಳೆಗಾಲದಲ್ಲಿ ನೀರು ನಿಂತರೆ ಮಕ್ಕಳಿಗೆ ಅದೇ ಈಜುಕೊಳ.

ಹಂಪೆಹುಲ್ಲು:
ಚಿಮಣಿ ಒಡೀಬೇಡಿ ಪ್ಲೀಸ್. ಅದೊಂದೇ ಉಳಿದಿರೋದು. ದಾವಣಗೆರೆನ ಕರ್ನಾಟಕದ ಮ್ಯಾಂಚೆಸ್ಟರ್ ಅಂತಿದ್ದರು ಅಂದರೆ ಈಗಿನ ಹುಡುಗರು ನಗ್ತಾರೆ. ತೋರಿಸೋಕೆ ಏನೂ ಇಲ್ಲ.

ನೇರಮಾತು:
ಎಲ್ಲಾ ಒಡೆದು ಸಮ ಮಾಡಿ. ಪರಂಪರೆ ಅಂತೆ! ಮಗು ಸತ್ತರೆ ಪರಂಪರೆ ತಿಂತೀರಾ?

ಹಂಪೆಹುಲ್ಲು:
ಒಡೆಯೋದು ಅಷ್ಟು ಸುಲಭ ಅಂದುಕೊಂಡಿದ್ದೀರಾ? ಆ ಸಿಮೆಂಟಿನ ಅಸ್ಬೆಸ್ಟಾಸ್ ಶೀಟ್ ಪುಡಿ ಮಾಡಿದರೆ ಆ ಧೂಳು ಓಣಿಯವರ ಶ್ವಾಸಕೋಶಕ್ಕೇ. ಅರ್ಧ ಒಡೆದು ಬಿಟ್ಟಿದ್ದು ಪೂರ್ತಿ ನಿಂತಿದ್ದಕ್ಕಿಂತ ಅಪಾಯ. ಅರ್ಧ ಗೋಡೆಗೆ ಮೇಲೆ ಹಿಡಿಯೋಕೆ ಏನೂ ಇರಲ್ಲ, ಮೊದಲ ಮಳೆಗೆ ಬೀಳುತ್ತೆ.

ನೇರಮಾತು:
ಪೂರ್ತಿ ಒಡೀರಿ ಅಂದೆ ನಾನು. ಅರ್ಧ ಅಂದಿಲ್ಲ.

ಹಂಪೆಹುಲ್ಲು:
ದುಡ್ಡು ನೀವು ಕೊಡ್ತೀರಾ?

ಶ್ಯಾವಿಗೆಪಾಯಸ:
ನಮ್ಮಜ್ಜ ಮಿಲ್‌ನಲ್ಲಿ ಜಾಬರ್ (ಕೂಲಿಯವರ ಮೇಸ್ತ್ರಿ) ಆಗಿದ್ದರು. ಬೆಳಿಗ್ಗೆ ಸೈರನ್‌ಗೆ ಇಡೀ ಕೇರಿ ಎದ್ದೇಳ್ತಿತ್ತಂತೆ. ಮಿಲ್ ನಿಂತ ಮೇಲೂ ಅಜ್ಜ ಅದೇ ಹೊತ್ತಿಗೆ ಎದ್ದು ಕೂತಿರ್ತಿದ್ದರು. ವಿಷಯಕ್ಕೆ ಸಂಬಂಧ ಇಲ್ಲ, ಸುಮ್ನೆ ನೆನಪಾಯ್ತು.

ರಾಕಿಅಭಿಮಾನಿ:
ಮೋಹಿನಿ ಇದ್ದಾಳೆ ಅಂತ ಸುದ್ದಿ ಹಬ್ಬಿಸಿ. ಯಾರೂ ಹೋಗಲ್ಲ 👻

ಸ್ವರ್ಣಎಕ್ಸ್‌ಪ್ರೆಸ್:
ಈಗ ಮೋಹಿನಿ ಇದ್ದಾಳೆ ಅಂದರೆ ಕ್ಯಾಮೆರಾ ಹಿಡಿದು ರಾತ್ರಿ ಹನ್ನೆರಡಕ್ಕೆ ಬರ್ತಾರೆ ಮಾರಾಯ. ನಮ್ಮೂರಲ್ಲಿ ನೋಡಿದ್ದೀನಿ.

ಚಳಿದೇಶದವ:
ನಾನಿರೋದು ಅಮೆರಿಕದ ಮೆಸಾಚುಸೆಟ್ಸ್‌ನಲ್ಲಿ, ವೂಸ್ಟರ್ ಊರಿನ ಹತ್ತಿರ. ಇಲ್ಲಿ 1999ರ ಡಿಸೆಂಬರ್ 3ಕ್ಕೆ ಒಂದು ಹಳೇ ಕೋಲ್ಡ್ ಸ್ಟೋರೇಜ್‌ಗೆ ಬೆಂಕಿ ಬಿತ್ತು. ಮುಚ್ಚಿ ವರ್ಷಗಟ್ಟಲೆ ಆಗಿದ್ದ ಕಟ್ಟಡ. ಮನೆ ಇಲ್ಲದ ಇಬ್ಬರು ಒಳಗೆ ಉಳಿದುಕೊಂಡಿದ್ದರು, ಅವರ ಮೇಣದಬತ್ತಿ ಉರುಳಿತು. ಅವರು ಯಾರಿಗೂ ಹೇಳದೆ ಹೊರಟುಹೋದರು. ಫೈರ್‌ನವರಿಗೆ ಒಳಗೆ ಜನ ಇದ್ದಾರೆ ಅನ್ನೋ ಸುದ್ದಿ ಸಿಕ್ಕಿತು, ಹುಡುಕೋಕೆ ಹೋದರು. ಕಿಟಕಿ ಅನ್ನೋದು ಇಲ್ಲವೇ ಇಲ್ಲ ಅನ್ನೋ ಹಾಗಿದ್ದ ಕಟ್ಟಡ. ಹೊಗೆಯಲ್ಲಿ ಇಬ್ಬರು ದಾರಿ ತಪ್ಪಿದರು. ಅವರನ್ನ ಹುಡುಕೋಕೆ ಹೋದ ನಾಲ್ವರೂ ಹಿಂದೆ ಬರಲಿಲ್ಲ. ಒಟ್ಟು ಆರು ಜನ ಹೋದರು, ಒಳಗೆ ಇಲ್ಲದೇ ಇದ್ದವರಿಗಾಗಿ.

ಅದಾದ ಮೇಲೆ ಖಾಲಿ ಕಟ್ಟಡಗಳ ಮುಂದೆ ಕೆಂಪು ಬೋರ್ಡಿನ ಮೇಲೆ ದೊಡ್ಡ ಎಕ್ಸ್ ಗುರುತು ಹಾಕೋದು ಶುರುವಾಯ್ತು. ಒಳಗೆ ಮೆಟ್ಟಿಲು, ನೆಲ ನಂಬೋ ಹಾಗಿಲ್ಲ, ಜೀವ ಉಳಿಸೋದಿದ್ದರೆ ಮಾತ್ರ ಒಳಗೆ ಹೋಗಿ ಅಂತ ಫೈರ್‌ನವರಿಗೆ ಸೂಚನೆ. ಖರ್ಚು ಒಂದು ತಗಡು, ಒಂದು ಡಬ್ಬ ಬಣ್ಣ. ಸೇಫ್ಟಿಶೂ ಅವರು ಹೇಳಿದ "ಎತ್ತೋಕೆ ಹೋದವನೂ ಸಾಯೋದು" ಓದಿ ಇದು ನೆನಪಾಯ್ತು.

ಖಾಲಿದೋಸೆ:
ಇಲ್ಲಿ ತಗಡನ್ನೇ ಕದೀತಾರೆ, ಮೇಲೆ ನೋಡಿ ತೂಕದಕಲ್ಲು ಸಾಹೇಬರು ಹೇಳಿದ್ದು.

ತೂಕದಕಲ್ಲು:
ಗೋಡೆ ಮೇಲೆ ಬಣ್ಣದಲ್ಲಿ ಬರೆಸ್ರಿ. ಬಣ್ಣಕ್ಕೆ ರೇಟಿಲ್ಲ.

ಎರಡನೇಮಹಡಿ:
ವಕೀಲೆ ನಾನು. ಒಂದು ದಾರಿ ಇದೆ, ಯಾರೂ ಬಳಸಲ್ಲ. ಹಳೇ ಸಿಆರ್‌ಪಿಸಿಯಲ್ಲಿ (ದಂಡ ಪ್ರಕ್ರಿಯಾ ಸಂಹಿತೆ) 133ನೇ ಸೆಕ್ಷನ್ ಇತ್ತು. 2024ರ ಜುಲೈ 1ರಿಂದ ಅದರ ಬದಲು ಬಂದ ಬಿಎನ್‌ಎಸ್‌ಎಸ್‌ನಲ್ಲಿ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) ಅದೇ 152. ಬೀಳೋ ಸ್ಥಿತಿಯಲ್ಲಿರುವ ಕಟ್ಟಡ, ದಾರಿ ಅಥವಾ ಸಾರ್ವಜನಿಕ ಜಾಗದ ಪಕ್ಕದ ಬೇಲಿ ಇಲ್ಲದ ಬಾವಿ, ತೊಟ್ಟಿ, ಗುಂಡಿ, ಇವುಗಳಿಂದ ಜನರಿಗೆ ಅಪಾಯ ಅಂತ ಕಂಡರೆ ಸರಿ ಮಾಡಿ ಅಂತ ಎಕ್ಸಿಕ್ಯುಟಿವ್ ಮ್ಯಾಜಿಸ್ಟ್ರೇಟ್ ಆದೇಶ ಕೊಡಬಹುದು. ಅಂದರೆ ನಿಮ್ಮ ಎಸಿ (ಅಸಿಸ್ಟೆಂಟ್ ಕಮಿಷನರ್) ಸಾಹೇಬರು. ಮಾಲೀಕರೇ ದೂರು ಕೊಡಬೇಕು ಅಂತೇನೂ ಇಲ್ಲ. ಜಾಗ ಯಾರ ವಶದಲ್ಲಿದೆಯೋ ಅವರ ಮೇಲೆ ಆದೇಶ ಹೋಗುತ್ತೆ. ಲಿಕ್ವಿಡೇಷನ್ ಆಗಿದ್ದರೆ ಲಿಕ್ವಿಡೇಟರ್‌ಗೂ, ಅಂದರೆ ಆ ಕಂಪನಿ ಆಸ್ತಿ ನೋಡಿಕೊಳ್ಳೋಕೆ ನೇಮಿಸಿದವರಿಗೂ, ಒಂದು ಪ್ರತಿ ರಿಜಿಸ್ಟರ್ಡ್ ಪೋಸ್ಟ್‌ನಲ್ಲಿ ಕಳಿಸಿ, ಸ್ವೀಕೃತಿ ಚೀಟಿ ಇಟ್ಟುಕೊಳ್ಳಿ. ನಾಳೆ ಏನಾದರೂ ಆದರೆ "ನಮಗೆ ಗೊತ್ತೇ ಇರಲಿಲ್ಲ" ಅನ್ನೋಕೆ ಆಗಬಾರದು, ಅದೇ ಆ ಚೀಟಿಯ ಬೆಲೆ.

ಗಟ್ಟಿಶಿಲೆ:
ಮೇಡಂ, ಸಂಪ್ ಇರೋದು ಗೋಡೌನ್ ಒಳಗೆ. "ದಾರಿ ಪಕ್ಕ" ಹೇಗಾಗುತ್ತೆ?

ಎರಡನೇಮಹಡಿ:
ಒಳ್ಳೇ ಪ್ರಶ್ನೆ, ಆ ಕಡೆ ವಕೀಲರೂ ಅದನ್ನೇ ಕೇಳ್ತಾರೆ. ಅದಕ್ಕೇ ಅರ್ಜಿಯಲ್ಲಿ ಬಿದ್ದ ಕಾಂಪೌಂಡ್, ಮುರಿದ ಮಾಡು ಮೊದಲು ಬರೀರಿ, ಸಂಪ್ ಆಮೇಲೆ. ಓಣಿ ಜನ ಆ ಜಾಗದ ನಡುವೆ ಓಡಾಡ್ತಾರಾ?

ಜಾಲಿಮುಳ್ಳು:
ಓಡಾಡ್ತಾರೆ ಮೇಡಂ. ಬಸ್‌ಸ್ಟ್ಯಾಂಡಿಗೆ ಅದೇ ಹತ್ತಿರದ ದಾರಿ.

ಎರಡನೇಮಹಡಿ:
ಹಾಗಿದ್ದರೆ ಆ ಕಾಲುದಾರಿಯ ಫೋಟೋ ಮೊದಲು ಹಾಕಿ. ಜನ ನಡೀತಾ ಇರುವಾಗ ತೆಗೀರಿ.

ಶ್ಯಾವಿಗೆಪಾಯಸ:
ಬೋರ್‌ವೆಲ್ ಕಥೆನೂ ಇದೇ ಅಲ್ವಾ? ಮುಚ್ಚಳ ಹಾಕಬೇಕು, ಬೇಲಿ ಕಟ್ಟಬೇಕು ಅಂತ ಸುಪ್ರೀಂ ಕೋರ್ಟ್ 2010ರಲ್ಲೇ ಹೇಳಿದೆ. ಆದರೂ 2024ರ ಏಪ್ರಿಲ್‌ನಲ್ಲಿ ಇಂಡಿ ತಾಲೂಕಿನ ಲಚ್ಯಾಣದಲ್ಲಿ ಎರಡು ವರ್ಷ ತುಂಬದ ಮಗು ಬಿತ್ತು. ಆ ಮಗು ಬದುಕಿ ಬಂತು, ಟಿವಿ ಮುಂದೆ ಕೂತು ನಾವೆಲ್ಲಾ ಅತ್ತೆವು. ಎಲ್ಲಾ ಮಕ್ಕಳೂ ಬದುಕಿ ಬರಲಿಲ್ಲವಲ್ಲ.

ಹಳೇಬಾಗಿಲು:
ನಲವತ್ತು ವರ್ಷ ಆದರೂ ಭೋಪಾಲದ ಯೂನಿಯನ್ ಕಾರ್ಬೈಡ್ ಫ್ಯಾಕ್ಟರಿ ಒಳಗಿನ 337 ಟನ್ ವಿಷದ ಕಸ ಆಚೆ ಹೋಗಿದ್ದು 2025ರ ಜನವರಿಯಲ್ಲಿ. ಅಷ್ಟು ಜನ ಸತ್ತ ಜಾಗದ್ದೇ ಹೀಗಾದರೆ ನಿಮ್ಮ ಹತ್ತಿ ಮಿಲ್ಲಿನ ಸಂಪ್‌ಗೆ ಯಾರು ಬರ್ತಾರೆ? ಬೇಜಾರು ಮಾಡಿಕೊಳ್ಳಬೇಡಿ, ನೀವೇ ಮಾಡಿಕೊಳ್ಳಿ.

ಎರಡನೇಮಹಡಿ:
ಬೇರೆಯವರ ವಶದಲ್ಲಿರೋ ಜಾಗಕ್ಕೆ ಹೋಗಿ ನೀವೇ ಮಾಡೋದು ಅತಿಕ್ರಮ ಪ್ರವೇಶ ಆಗುತ್ತೆ ಅಂತ ಹೇಳೋದು ನನ್ನ ಕರ್ತವ್ಯ. ಹೇಳಿದ್ದೀನಿ.

ತೂಕದಕಲ್ಲು:
ಕದಿಯೋಕೆ ಹೋದವರ ಮೇಲೆ ಕೇಸಿಲ್ಲ, ಚಪ್ಪಡಿ ಹಾಕೋಕೆ ಹೋದವರ ಮೇಲೆ ಕೇಸು. ಭಲೇ!

ಬೆಳಗಿನಬಸ್ಸು:
ಇಷ್ಟು ಹೊತ್ತು ಓದಿದೆ. ಒಂದು ಮಾತು ಯಾರೂ ಕೇಳಲಿಲ್ಲ. ಆ ಹುಡುಗರು ಇನ್ನೆಲ್ಲಿ ಆಡಬೇಕು? ನನಗೂ ಇಬ್ಬರು ಗಂಡುಮಕ್ಕಳು. ಶಾಲೆ ಮೈದಾನಕ್ಕೆ ಸಂಜೆ ಬೀಗ ಹಾಕ್ತಾರೆ. ರಸ್ತೆಯಲ್ಲಿ ಆಡಿದರೆ ಬೈಕಿನವರು ಬೈತಾರೆ. ಮಿಲ್ ಜಾಗ ಅವರಿಗೆ ಸ್ವರ್ಗ. ನೀವು ಬೇಲಿ ಹಾಕಿದರೆ ಬೇಲಿ ಹಾರ್ತಾರೆ, ನಾನಂತೂ ನನ್ನ ಮಕ್ಕಳನ್ನ ಕಟ್ಟಿಹಾಕೋಕೆ ಆಗಲ್ಲ. ಬಯಲು ಬಯಲಾಗೇ ಇರಲಿ, ಗೋಡೌನ್ ಬಾಗಿಲಿಗೆ ಮಾತ್ರ ಇಟ್ಟಿಗೆ ಕಟ್ಟಿಸಿ.

ಸೇಫ್ಟಿಶೂ:
ಅಕ್ಕ ಹೇಳಿದ್ದು ನೂರಕ್ಕೆ ನೂರು ಸರಿ. ಇಡೀ ಮಿಲ್ ಕಾಯೋಕೆ ಯಾರಿಂದಲೂ ಆಗಲ್ಲ. ಸಾಯಿಸೋ ಜಾಗ ನಾಲ್ಕೋ ಐದೋ ಇರುತ್ತೆ. ಸಂಪ್, ಮಾಡಿಗೆ ಹತ್ತೋ ಏಣಿ, ಟ್ರಾನ್ಸ್‌ಫಾರ್ಮರ್ ರೂಮು, ಲಿಫ್ಟ್ ಗುಂಡಿ. ಅವಕ್ಕೆ ದುಡ್ಡು ಹಾಕಿ. ಏಣಿಯ ಕೆಳಗಿನ ಎಂಟು ಅಡಿ ಕತ್ತರಿಸಿ ತೆಗೆದರೆ ಅರ್ಧ ಕೆಲಸ ಆಯ್ತು. ಹೊಸದಾಗಿ ಗೋಡೆ ಕಟ್ಟೋದಾದರೆ ಯಾರೂ ಒಳಗಿಲ್ಲ ಅಂತ ಮೊದಲು ಪೂರ್ತಿ ನೋಡಿ ಕಟ್ಟಿ. ಕುಡುಕರು ಮಲಗಿರ್ತಾರೆ.

ನೇರಮಾತು:
ಸರಿ, ಇದು ಒಪ್ಪಿದೆ. ಒಡೆಯೋದು ಆಮೇಲೆ ನೋಡೋಣ.

ಹಂಪೆಹುಲ್ಲು:
ಅಬ್ಬಾ.

ಜಾಲಿಮುಳ್ಳು:
ಹದಿನೆಂಟು ದಿನ ಆದ ಮೇಲೆ ಬರೀತಾ ಇದ್ದೀನಿ.

ಎಸಿ ಆಫೀಸಿಗೆ ಅರ್ಜಿ ಕೊಟ್ಟೆವು, ಓಣಿಯ 64 ಜನರ ಸಹಿ. ಗ್ರಾಮ ಆಡಳಿತ ಅಧಿಕಾರಿ ಬಂದು ನೋಡಿ ಫೋಟೋ ತೆಗೆದುಕೊಂಡು ಹೋದರು. ನೋಟಿಸ್ ಹೋಗಿದೆಯಂತೆ, ಯಾರಿಗೆ ಅಂತ ಇನ್ನೂ ಹೇಳಿಲ್ಲ. ಲಿಕ್ವಿಡೇಟರ್‌ಗೆ ಕಳಿಸಿದ್ದರ ಸ್ವೀಕೃತಿ ಚೀಟಿ ವಾಪಸ್ ಬಂತು, ದೇವರ ಪಟದ ಹಿಂದೆ ಇಟ್ಟಿದ್ದೀನಿ.

ಇನ್ನೊಂದು. ಮೊನ್ನೆ ಬೆಳಗಾಗೋದರೊಳಗೆ "ಯಾರೋ" ಸಂಪ್ ಮೇಲೆ ಐದು ಚಪ್ಪಡಿ ಹಾಸಿ ಸಂದಿಗೆ ಸಿಮೆಂಟ್ ಹಾಕಿಹೋಗಿದ್ದಾರೆ. ಏಣಿಯ ಕೆಳಗಿನ ಭಾಗವೂ ಇಲ್ಲ. ಯಾರು ಅಂತ ನನಗೆ ಗೊತ್ತಿಲ್ಲ ಮೇಡಂ. ಹಾಸೋ ಮುಂಚೆ ಉದ್ದನೆ ದೋಟಿಗೆ ಬುಟ್ಟಿ ಕಟ್ಟಿ ಮೇಲಿಂದಲೇ ಬಾಲ್ ತೆಗೆದರಂತೆ, ಒಳಗೆ ಯಾರೂ ಇಳಿದಿಲ್ಲವಂತೆ. ಏಳಲ್ಲ, ಹನ್ನೊಂದು ಸಿಕ್ಕವು. ಜೊತೆಗೆ ಎಡಗಾಲಿನ ಒಂದು ಚಪ್ಪಲಿ, ಸಣ್ಣ ಮಗುವಿನದು. ಓಣಿಯಲ್ಲಿ ಮನೆ ಮನೆಗೆ ತೋರಿಸಿದೆವು. ನಮ್ಮದು ಅಂತ ಯಾರೂ ಹೇಳಲಿಲ್ಲ.

ಬೆಳಗಿನಬಸ್ಸು:
ಪಕ್ಕದ ಓಣಿಯಲ್ಲಿ ಕೇಳಿದಿರಾ?

ಸೇಫ್ಟಿಶೂ:
ಜಾಲಿಮುಳ್ಳು, ಸ್ಟೇಷನ್‌ಗೆ ಹೋಗಿ ಆ ಚಪ್ಪಲಿ ತೋರಿಸಿ. ಇವತ್ತೇ. ನೀರು ಖಾಲಿ ಮಾಡಿಸಿ ನೋಡಲಿ. ಚಪ್ಪಡಿ ಮತ್ತೆ ಹಾಸಬಹುದು.

ಜಾಲಿಮುಳ್ಳು:
ಹೊರಟೆ.